ಹತ್ತನೆಯ ಹಾಳೆಯ ಮಚ್ಚೆ

ಏಪ್ರಿಲ್ ೧೭, ಶುಕ್ರವಾರ
ಕಚೇರಿಯಿಂದ, ಊಟದ ಬಿಡುವಿನಲ್ಲಿ

ಏಣಿಯ ಮೇಲಿರುವವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮವೇ ಈ ಪತ್ರದ ವಿಷಯವಾದ್ದರಿಂದ ಅದನ್ನು ವಾಡಿಕೆಯ ಒಂದು ಸಾಲಿನಲ್ಲಿ ಕೇಳಿ ಮುಗಿಸಲಾರೆ.

ನಿಮ್ಮ ಚೀಟಿ ನಿನ್ನೆ ಕೈಗೆ ಬಂತು. ಹೋರ್ಡಿಂಗ್ ಹಾಳೆಯ ಅಂಚನ್ನೇ ಹರಿದು ಬರೆದಿದ್ದೀರಿ, ಮೂಲೆಯಲ್ಲಿ ಅಂಟು ಒಣಗಿ ಗರಿಗರಿಯಾಗಿದೆ. ಮೂರು ವರ್ಷಗಳಲ್ಲಿ ನಿಮ್ಮಿಂದ ಬಂದ ಮೊದಲ ಬರಹ ಇದು: "ರಬ್ಬರೇ, ಚೌಕದ ಹೋರ್ಡಿಂಗ್ ಮೇಲಿರೋದು ನನ್ನ ಬೆನ್ನಂತೆ. ಏಣಿಯಣ್ಣ ಹಟ ಹಿಡಿದು ಕೂತಿದ್ದಾನೆ. ನಂದೇ ಆಗಿದ್ರೆ ಒಂದು ವಾರ ಏಣಿ ನಾನು ಹೊರಬೇಕು. ಅಲ್ಲದಿದ್ರೆ ಅವನು ನನ್ನ ಅಂಟಿನ ಬಕೆಟ್ಟು ತೊಳೀಬೇಕು. ಹೌದೋ ಅಲ್ವೋ, ಒಂದೇ ಮಾತಲ್ಲಿ ಬರಿ."

ಎರಡು ಸಲ ಬರೆದು ಮೂರು ಸಲ ಅಳಿಸುವವಳೆಂದು ನೀವಿಟ್ಟ ಆ ಹೆಸರನ್ನು ಬೇರೆ ಯಾರೂ ಬಳಸುವುದಿಲ್ಲ. ಓದಿದಾಗ ಪಕ್ಕದ ಕೋಣೆಯಲ್ಲಿ ಯಾರನ್ನೋ ಕರೆದ ಹಾಗಿತ್ತು. ಎದ್ದು ನೋಡಬೇಕೆನಿಸಿತು, ಯಾರಪ್ಪಾ ಅದು ಎಂದು.

ಒಂದೇ ಮಾತು: ಹೌದು. ಏಣಿ ನೀವೇ ಹೊರಿ.

ಎರಡನೆಯ ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಲ ಹೆಗಲಿನ ಅಗಲ ಮೂಳೆಯ ಕೆಳಗೆ, ಬೆನ್ನೆಲುಬಿನಿಂದ ನಾಲ್ಕು ಬೆರಳು ಆಚೆ, ನಿಮಗೊಂದು ಮಚ್ಚೆಯಿದೆ. ಹೋರ್ಡಿಂಗಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಹತ್ತನೆಯ ಹಾಳೆಯಲ್ಲಿ ಬರುತ್ತದೆ. ಅದನ್ನು ಚರ್ಮದ ಡಾಕ್ಟರು ನೋಡಬೇಕು. ಅದು ಏನೂ ಅಲ್ಲದೆ ಇರಬಹುದು. ಚರ್ಮದ ಕ್ಯಾನ್ಸರ್ ಕೂಡ ಆಗಿರಬಹುದು. ಈ ಎರಡು ಪದಗಳನ್ನು ಮೂರು ಸಲ ಅಳಿಸಿ ನಾಲ್ಕನೆಯ ಸಲ ಹಾಗೆಯೇ ಬಿಟ್ಟಿದ್ದೇನೆ. ಕಾಗದ ತೆಳುವಾಗಿರುವುದು ಅದಕ್ಕೇ.

ಇಲ್ಲಿಗೆ ನಿಲ್ಲಿಸಬಹುದು. ಆದರೆ ನಿಮ್ಮ ಬೆನ್ನು ಅಲ್ಲಿಗೆ ಹೋದದ್ದು ಹೇಗೆ ಎಂದು ನೀವು ಕೇಳದೆ ಇರುವವರಲ್ಲ. ನಾನೂ ಎರಡು ತಿಂಗಳಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಮ್ಮ ಆರೋಗ್ಯ ಪ್ರಚಾರದ ವಿಭಾಗದಲ್ಲಿ ಈ ಸಲ ಬಿಸಿಲಿನ ಸರದಿ. ಅಧಿಕಾರಿಗಳಿಗೆ ಮೊದಲು ಬೇಕಿದ್ದದ್ದು ದೊಡ್ಡ ಕೊಡೆಯ ಕೆಳಗೆ ನಗುತ್ತಾ ಕುಳಿತ ಒಂದು ಸಂಸಾರ. ಚಿತ್ರ ಬರೆದೂ ಕೊಟ್ಟಿದ್ದೆ. ಚರ್ಮದ ಡಾಕ್ಟರಮ್ಮ ಅದನ್ನು ನೋಡಿ, "ಇವರು ಆಗಲೇ ನೆರಳಲ್ಲಿದ್ದಾರಲ್ರೀ, ಇವರಿಗೇನು ಹೇಳೋದಿದೆ? ಬಿಸಿಲಲ್ಲಿ ನಿಂತಿರೋರ ಜೊತೆ ಮಾತಾಡಿ," ಎಂದು ವಾಪಸು ಮಾಡಿದರು. ಈಕೆ ಗೇಟಿನಿಂದ ಮೆಟ್ಟಿಲಿನವರೆಗಿನ ಇಪ್ಪತ್ತು ಹೆಜ್ಜೆಗೂ ಅಗಲ ಅಂಚಿನ ಟೋಪಿ ಹಾಕುವ ಹೆಂಗಸು. ಮೊದಲು ನಾವೆಲ್ಲ ನಗುತ್ತಿದ್ದೆವು. ಈಗ ಅರ್ಧ ಕಚೇರಿ ಟೋಪಿ ಹಾಕುತ್ತದೆ, ಉಳಿದರ್ಧ ಇನ್ನೂ ನಗುತ್ತದೆ.

ಹಾಗೆ ಹೊಸ ಕರಪತ್ರ ಶುರುವಾಯಿತು. ಹೊರಗೆ ದುಡಿಯುವವರಿಗೆ, ಅಂದರೆ ರಸ್ತೆಯವರು, ಕಟ್ಟಡದವರು, ನಿಮ್ಮಂಥವರಿಗೆ. ಒಂದು ಬದಿಯಲ್ಲಿ ಮಾಡಬೇಕಾದದ್ದು: ತುಂಬುತೋಳಿನ ಅಂಗಿ, ಕಿವಿ ಕತ್ತು ಮುಚ್ಚುವ ಟೋಪಿ, ಹನ್ನೊಂದರಿಂದ ಮೂರರವರೆಗೆ ಆದಷ್ಟು ನೆರಳು, ಮುಚ್ಚಲಾಗದ ಕಡೆಗೆ ಕ್ರೀಮು. ಇನ್ನೊಂದು ಬದಿಯಲ್ಲಿ ಮನುಷ್ಯನ ಮೈಯ ಬರೀ ರೇಖೆ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಅದರ ಮೇಲೆ ನಮ್ಮ ನಮ್ಮ ಮಚ್ಚೆಗಳನ್ನು ಗುರುತು ಹಾಕಿ ತಾರೀಕು ಬರೆಯಬೇಕು. ಕೆಲವು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಹೊಸದು ಬಂದಿದೆಯೇ, ಹಳೆಯದು ದೊಡ್ಡದಾಗಿದೆಯೇ, ಅಂಚು ಸೊಟ್ಟಗಾಗಿದೆಯೇ, ಒಂದರಲ್ಲೇ ಎರಡು ಬಣ್ಣ ಬಂದಿದೆಯೇ, ಕೆರೆತ, ರಕ್ತ ಇದೆಯೇ? ಇದ್ದರೆ ತೋರಿಸಬೇಕು. ಅಷ್ಟೇ. ಊರಿನ ನಕ್ಷೆ ಬರೆಯುವ ಹಾಗೆ ಮೈಯ ನಕ್ಷೆ.

ಗುರುತು ಹಾಕುವುದು ಹೇಗೆಂದು ತೋರಿಸಲು ಒಂದು ಮಾದರಿ ಬೇಕಿತ್ತು. ನಮ್ಮಲ್ಲೊಂದು ನಿಯಮವಿದೆ: ಚಿತ್ರದ ಮೈ ಯಾರದೂ ಆಗಿರಬಾರದು. ಯಾರಾದರೂ ತನ್ನ ಮೂಗು ಎಂದು ಬಂದರೆ ಅಧಿಕಾರಿಗಳಿಗೆ ತಲೆನೋವು. ಹಾಗಾಗಿ ನಾನು ಯಾರದೂ ಅಲ್ಲದ ಒಂದು ಬೆನ್ನು ಬರೆದು, ಮನಸ್ಸಿಗೆ ಬಂದಲ್ಲಿ ಒಂಬತ್ತು ಚುಕ್ಕೆ ಇಟ್ಟೆ. ಡಾಕ್ಟರಮ್ಮ ನೋಡಿ, "ಇದು ಬೆನ್ನಲ್ಲ, ಚುಕ್ಕಿ ಪರದೆ ಬಟ್ಟೆ," ಎಂದರು. ಇನ್ನೊಮ್ಮೆ ಬರೆದೆ. "ಈಗ ನಕ್ಷತ್ರಪುಂಜ ಆಯ್ತು."

ಇದು ನನಗೆ ಸೋಜಿಗವೆನಿಸಿತು. ಸುಮ್ಮನೆ ಚುಕ್ಕೆ ಇಡುವುದು ಎಷ್ಟು ಕಷ್ಟ ನೋಡಿ. ಕೈ ತಾನಾಗಿ ಅಂತರ ಕಾಯ್ದುಕೊಳ್ಳುತ್ತದೆ, ಇಲ್ಲಿ ಒಂದು ಇಟ್ಟರೆ ಅಲ್ಲೊಂದು ಇಟ್ಟು ಸರಿದೂಗಿಸುತ್ತದೆ. ಮೈಗೆ ಅಂಥ ಹಂಗಿಲ್ಲ. ಅದು ಮೂರನ್ನು ಒಂದೇ ಕಡೆ ತುರುಕಿ ಅರ್ಧ ಬೆನ್ನನ್ನು ಖಾಲಿ ಬಿಡುತ್ತದೆ.

ಮೂರನೆಯ ಸಲ ಯೋಚಿಸದೆ ಬರೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಎಡ ಸೊಂಟದ ಮೇಲೆ ಮೂರು, ಕತ್ತಿನ ಬುಡದಲ್ಲಿ ಎರಡು, ಉಳಿದವು ಬಲಕ್ಕೆ. ಡಾಕ್ಟರಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹಾ, ಇದು ಮೈ," ಎಂದರು. ಆಮೇಲೆ ಕನ್ನಡಕ ಹಣೆಗೇರಿಸಿ ಒಂದು ಚುಕ್ಕೆಯ ಮೇಲೆ ಉಗುರಿಟ್ಟರು. "ಉಳಿದ ಎಂಟೂ ಗುಂಡಗಿವೆ. ಇದೊಂದರ ಅಂಚು ಯಾಕೆ ಹೀಗೆ ಕಚ್ಚಿದ ಹಾಗಿದೆ? ಒಂದು ಕಡೆ ಕಪ್ಪು, ಒಂದು ಕಡೆ ಕಂದು. ಪೆನ್ನು ಜಾರಿತೇನ್ರೀ?"

ಅವರು ಉಗುರಿಟ್ಟ ಮೇಲೇ ನನಗೆ ಅದು ಯಾರ ಬೆನ್ನೆಂದು ತಿಳಿದದ್ದು. ನಂಬುವುದಾದರೆ ನಂಬಿ.

ಪೆನ್ನು ಜಾರಿತು ಎಂದೆ.

"ಜಾರಿದ್ದೇ ಒಳ್ಳೇದಾಯ್ತು, ಹಾಗೇ ಇರಲಿ. ಜನಕ್ಕೆ ತೋರಿಸೋಕೆ ಇಂಥದ್ದೇ ಬೇಕಿತ್ತು," ಎಂದು ಸಹಿ ಮಾಡಿದರು. ಅಧಿಕಾರಿಗಳಿಗೂ ಹಿಡಿಸಿತು. ಕರಪತ್ರಕ್ಕೆ ಬರೆದದ್ದು ಹೋರ್ಡಿಂಗಿಗೆ ಏರಿತು, ಇಪ್ಪತ್ತನಾಲ್ಕು ಹಾಳೆಗಳಾಯಿತು. ಕೆಳಗಿನ ಸಾಲು ನನ್ನದು: ಈ ಬೆನ್ನನ್ನು ಎಲ್ಲರೂ ನೋಡುತ್ತಿದ್ದಾರೆ. ನಿಮ್ಮದನ್ನು ಯಾರು ನೋಡುತ್ತಾರೆ?

ಕಚೇರಿಯಲ್ಲಿ ಆ ಸಾಲನ್ನು ಪರೀಕ್ಷಿಸಲು ಒಬ್ಬೊಬ್ಬರನ್ನೇ ಕೇಳಿದ್ದೆ, ನಿಮ್ಮ ಮನೆಯವರ ಬೆನ್ನಲ್ಲಿ ಎಷ್ಟು ಮಚ್ಚೆ ಎಂದು. ಟೈಪಿಸ್ಟ್ ನಾಚಿಕೊಂಡಳು. ಲೆಕ್ಕದ ವಿಭಾಗದವರು ಮೇಲಿನವರಿಗೆ ಬರೆದು ಕೇಳಿ ಎಂದರು. ಡ್ರೈವರ್ ಮಾತ್ರ, "ನನ್ನ ಹೆಂಡ್ತಿ ಬೆನ್ನಾ ಮೇಡಂ? ಮುಖಕ್ಕಿಂತ ಅದೇ ಚೆನ್ನಾಗಿ ಗೊತ್ತು. ಜಗಳ ಆದಾಗೆಲ್ಲ ಅವಳು ತೋರಿಸೋದೇ ಅದನ್ನ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ನನ್ನ ಕೈಗೆ ಅದು ಹೇಗೆ ಗೊತ್ತಿತ್ತು? ನಿಮ್ಮ ಕಣ್ಣಿನ ಬಣ್ಣ ಕೇಳಿದರೆ ಈಗ ಖಚಿತವಾಗಿ ಹೇಳಲಾರೆ. ನಿಮ್ಮ ದನಿ ಫೋನಿನಲ್ಲಿ ಬಂದರೆ ಯಾರೆಂದು ಕೇಳಿಯೇನು. ಆದರೆ ಆ ಒಂಬತ್ತು ಚುಕ್ಕೆಗಳು ಬೆರಳಲ್ಲಿ ಇದ್ದವು. ಕಾರಣ ನಿಮಗೂ ಗೊತ್ತಿದೆ, ನಾವಿಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಿಲ್ಲ. ನಾವು ಮಾತು ಬಿಟ್ಟ ಮೇಲೂ ಮುಲಾಮು ಬಿಡಲಿಲ್ಲ.

ಮೂರು ವರ್ಷದ ಹಿಂದೆ ಏಣಿಯ ನಾಲ್ಕನೇ ಮೆಟ್ಟಿಲಿನಿಂದ ನೀವು ಬಿದ್ದು ಮಣಿಕಟ್ಟು ಊದಿಸಿಕೊಂಡು ಬಂದಿರಿ. ನಾನು ನಿಮ್ಮನ್ನು ಕೇಳದೆ ನಿಮ್ಮ ಮಾಲೀಕರ ಹತ್ತಿರ ಹೋಗಿ, ಇವರನ್ನು ಮುದ್ರಣದ ಕೋಣೆಯೊಳಗೆ ಹಾಕಿ, ಏಣಿ ಬೇಡ ಎಂದೆ. ಆತ ಮರುದಿನ ಎಲ್ಲರ ಮುಂದೆ, "ಏನಯ್ಯಾ, ಮನೆಯಿಂದ ಚೀಟಿ ತಂದಿದ್ದೀಯಂತೆ, ಬಿಸಿಲಲ್ಲಿ ಬಿಡಬೇಡಿ ಅಂತ," ಎಂದನಂತೆ. ನೀವು ಬಂದು ಬಾಗಿಲಲ್ಲೇ ನಿಂತು, "ನನ್ನ ಮೈ ವಿಷಯ ನಂಗೆ ಬಿಡು," ಎಂದಿರಿ. ಆಮೇಲೆ ನಲವತ್ತೊಂದು ದಿನ ಇಬ್ಬರೂ ಮಾತಾಡಲಿಲ್ಲ. ಮೊದಲು ಬಾಯಿ ಬಿಟ್ಟವರು ಸೋತಂತೆ ಎಂದು ಯಾರೂ ನಿಯಮ ಮಾಡಿರಲಿಲ್ಲ, ಆದರೂ ಇತ್ತು.

ಸಂಜೆ ಮಾತ್ರ ನೀವು ಬಂದು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂರುತ್ತಿದ್ದಿರಿ. ನಾನು ಡಬ್ಬಿ ತೆಗೆದು ಹೆಗಲಿಗೆ, ಬೆನ್ನಿಗೆ ಹಚ್ಚುತ್ತಿದ್ದೆ. ಏಣಿ ಹೊತ್ತ ಹೆಗಲು, ಎತ್ತಿ ಎತ್ತಿ ಬಿಗಿದ ಬಲಗೈ. ನೀವು ಗೋಡೆ ನೋಡುತ್ತಿದ್ದಿರಿ, ನಾನು ನಿಮ್ಮನ್ನು. ಮಾತಿಲ್ಲದ ಕಾರಣ ನೋಡಲು ಬೇರೇನೂ ಇರಲಿಲ್ಲ. ನಲವತ್ತೆರಡನೆಯ ದಿನ ನೀವು ಕಾಗದದ ಗೋದಾಮಿನ ಮೇಲಿನ ಕೋಣೆಗೆ ಹೋದಿರಿ. ಡಬ್ಬಿಯಲ್ಲಿ ಅರ್ಧ ಉಳಿದಿತ್ತು.

ಚಿತ್ರ ಬರೆದದ್ದು ಫೆಬ್ರವರಿಯಲ್ಲಿ. ಏಕೆ ಆಗಲೇ ತಿಳಿಸಲಿಲ್ಲ ಎಂದು ಕೇಳಿದರೆ, ನನ್ನ ಕೈಯನ್ನು ನಾನು ನಂಬಲಿಲ್ಲ. ಒಂದು ಸೊಟ್ಟ ಚುಕ್ಕೆ ಇದ್ದರೆ ಚಿತ್ರಕ್ಕೆ ಚೆಂದ, ಅದಕ್ಕೇ ಕೈ ಹುಟ್ಟಿಸಿರಬಹುದು ಎಂದು ವಾದಿಸಿದೆ. ಯಾರದೋ ಬೆನ್ನಿನ ಬಗ್ಗೆ, ಮೂರು ವರ್ಷದ ಮೇಲೆ, ಒಂದು ಪೆನ್ನಿನ ಗುರುತನ್ನು ನೆಚ್ಚಿಕೊಂಡು ಪತ್ರ ಬರೆದರೆ ಮತ್ತೆ ಚೀಟಿ ಕಳಿಸಿದಳು ಎನ್ನುತ್ತೀರಿ ಎಂದೂ ಅನಿಸಿತು. ಹೀಗೆ ಎರಡು ತಿಂಗಳು ಹೋಯಿತು.

ಸೋಮವಾರ ನಾನು ಚೌಕಕ್ಕೆ ಬಂದಿದ್ದೆ. ಬಣ್ಣ ಸರಿಯಾಗಿ ಬಂದಿದೆಯೇ ನೋಡುವುದು ನನ್ನ ಕೆಲಸವೇ. ಅಂಟಿಸುವವರು ನೀವೇ ಎಂದು ತಿಳಿದಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎದುರಿನ ಕನ್ನಡಕದ ಅಂಗಡಿಯ ಮುಂದೆ, ನೆರಳಿನಲ್ಲಿ ನಿಂತೆ. ಹನ್ನೆರಡೂವರೆ ಇರಬೇಕು. ಅಂಗಡಿಯವನು ಹೊರಗೆ ಬಂದು, "ಒಳಗೆ ಬನ್ನಿ ಮೇಡಂ, ಕಣ್ಣು ಟೆಸ್ಟ್ ಮಾಡಿಕೊಡ್ತೀವಿ," ಎಂದ. ಸದ್ಯಕ್ಕೆ ಕಾಣಿಸುತ್ತಿದೆ ಎಂದೆ.

ನೀವು ಎಂದಿನಂತೆ ಅಂಟು ತಾಗಬಾರದೆಂದು ಅಂಗಿ ಬಿಚ್ಚಿ ಏಣಿಯ ಮೆಟ್ಟಿಲಿಗೆ ನೇತುಹಾಕಿದ್ದಿರಿ. ತಲೆಯ ಮೇಲೂ ಏನೂ ಇರಲಿಲ್ಲ. ಆರನೆಯ ಹಾಳೆ ಮುಗಿಸಿ ಎರಡನೆಯ ಸಾಲಿಗೆ ಇಳಿದಿರಿ. ಏಳು, ಎಂಟು, ಒಂಬತ್ತು. ಒಂದೊಂದನ್ನೂ ಮೂಲೆಗೆ ಮೂಲೆ ಕೂಡಿಸಿ, ಅಗಲ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಗಾಳಿ ಹೊರದಬ್ಬಿದಿರಿ. ಅಷ್ಟು ಹತ್ತಿರದಿಂದ ನಿಮಗೆ ಅದು ಬರೀ ಕಂದು ಬಣ್ಣ. ಹತ್ತನೆಯ ಹಾಳೆಯಲ್ಲಿ ಆ ಮಚ್ಚೆ ನಿಮ್ಮ ಮುಖದಷ್ಟು ದೊಡ್ಡದಿತ್ತು. ಅದರ ಮೇಲೆ ಬ್ರಷ್ ಆಡಿಸಿದಿರಿ. ಅಲ್ಲೊಂದು ಗುಳ್ಳೆ ನಿಂತಿತೇನೋ, ಅಂಗೈಯಿಂದ ಒತ್ತಿದಿರಿ.

ಕೆಳಗೆ ಏಣಿ ಹಿಡಿದಿದ್ದ ಏಣಿಯಣ್ಣ ತಲೆಯೆತ್ತಿದ. ಆತ ದಿನವಿಡೀ ನೋಡುವುದು ನಿಮ್ಮ ಬೆನ್ನನ್ನೇ ಎಂದು ನನಗೆ ಹೊಳೆದದ್ದು ಆಗಲೇ. ಹೋರ್ಡಿಂಗ್ ನೋಡಿದ, ನಿಮ್ಮನ್ನು ನೋಡಿದ, ಮತ್ತೆ ಹೋರ್ಡಿಂಗ್ ನೋಡಿದ. ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯ ಬೆರಳಿನಿಂದ ಗಾಳಿಯಲ್ಲಿ ಎಣಿಸಿದ. ಏನೋ ಕೂಗಿದ, ವಾಹನಗಳ ಸದ್ದಿನಲ್ಲಿ ಕೇಳಿಸಲಿಲ್ಲ. ನೀವು ನಕ್ಕಿರಿ. ನಾನು ರಸ್ತೆ ದಾಟಿ ಬರಬಹುದಿತ್ತು. ಬಸ್ಸು ಹತ್ತಿದೆ.

ನಿಮ್ಮ ಚೀಟಿಯಿಂದ ಬಗೆಹರಿದದ್ದು ಪಂದ್ಯ ಮಾತ್ರವಲ್ಲ. ಕೈ ಸುಳ್ಳು ಹೇಳಿದ್ದರೆ ಏಣಿಯಣ್ಣನಿಗೆ ಗುರುತು ಸಿಗುತ್ತಿರಲಿಲ್ಲ. ಆತ ಯಾವುದನ್ನು ನೋಡಿ ಗುರುತು ಹಿಡಿದ, ದಯವಿಟ್ಟು ಕೇಳಿ. ಕತ್ತಿನ ಎರಡೋ, ಸೊಂಟದ ಮೂರೋ, ಅಥವಾ ಹತ್ತನೆಯ ಹಾಳೆಯದೋ? ಈಗ ಅದು ಹೇಗಿದೆ ಎಂದೂ ಕೇಳಿ. ನನ್ನ ನಕ್ಷೆ ಹಳೆಯದು, ಆತನದು ಇವತ್ತಿನದು.

ಚೀಟಿ ಓದಿದವಳೇ ಡಾಕ್ಟರಮ್ಮನ ಕೋಣೆಗೆ ಹೋದೆ. ಪೆನ್ನು ಜಾರಿರಲಿಲ್ಲ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ, "ಯಾರದು?" ಎಂದರು.

"ನಮ್ಮ ಮನೆಯವರದು."

"ಎಲ್ಲಿದ್ದಾರೆ?"

"ಏಣಿ ಮೇಲೆ."

"ಈ ಬಿಸಿಲಲ್ಲಾ? ಅಂಗಿ ಇದೆಯಾ ಮೈಮೇಲೆ?"

"ಅಂಗೀನೂ ಏಣಿ ಮೇಲೇ ಇದೆ. ಬೇರೆ ಮೆಟ್ಟಿಲಲ್ಲಿ."

ಅವರು ನಗಲಿಲ್ಲ. ಹೋರ್ಡಿಂಗ್ ತೆಗೆಸಬೇಕೇ, ನಿಯಮ ಮುರಿದಿದ್ದೇನಲ್ಲ ಎಂದೆ. "ಬೋರ್ಡು ಅಲ್ಲೇ ಇರಲಿ, ಮನುಷ್ಯನ್ನ ಕೆಳಗಿಳಿಸಿ," ಎಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ಅದು ಮೊದಲು ಹೇಗಿತ್ತು, ಬದಲಾಗಿದೆಯೇ? ಒಂದು ಸಲ ನೋಡಿದ ಮಚ್ಚೆಗಿಂತ ಎರಡು ಸಲ ನೋಡಿದ ಮಚ್ಚೆ ಹೆಚ್ಚು ಹೇಳುತ್ತದಂತೆ. ನನಗೆ ನೆನಪಿಲ್ಲ ಎಂದೆ.

ನಿಮ್ಮ ಉತ್ತರಗಳು ನನಗೆ ಗೊತ್ತು, ಒಂದೊಂದಾಗಿ ಅವರ ಮುಂದಿಟ್ಟೆ. ನಾವು ಕಪ್ಪಗಿರುವವರು, ಬಿಸಿಲು ನಮಗೇನು ಮಾಡುತ್ತದೆ? ಕಪ್ಪು ಮೈಗೆ ಒಂದಿಷ್ಟು ರಕ್ಷಣೆ ಇದೆ, ಪೂರ್ತಿ ಇಲ್ಲ, ಎಂದರು. ಅಂಥವರಲ್ಲಿ ಇದು ಕಡಿಮೆ, ಆದರೆ ನಮಗೆ ಬರುವುದಿಲ್ಲವೆಂದು ಯಾರೂ ನೋಡಿಕೊಳ್ಳುವುದಿಲ್ಲ, ಹಾಗಾಗಿ ಬಂದಾಗ ತಡವಾಗಿ ಸಿಗುತ್ತದೆ. ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಕೆಳಗೂ ನೋಡಬೇಕಂತೆ. ನೋವಿಲ್ಲವಲ್ಲ ಎನ್ನುತ್ತೀರಿ. ನೋಯುವವರೆಗೆ ಕಾಯಬಹುದಾದ ಕಾಯಿಲೆ ಇದಲ್ಲವಂತೆ. ಬೇಗ ಸಿಕ್ಕರೆ ಬಹಳ ಸಲ ಅದನ್ನು ಕತ್ತರಿಸಿ ತೆಗೆದರೆ ಮುಗಿಯುತ್ತದೆ.

ನೋಡುವುದೂ ದೊಡ್ಡ ಕೆಲಸವಲ್ಲ. ದೀಪವಿರುವ ಒಂದು ಭೂತಗನ್ನಡಿ ಇಟ್ಟು ನೋಡುತ್ತಾರೆ. ಅನುಮಾನ ಬಂದರೆ ಮರಗಟ್ಟಿಸಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ನಮ್ಮ ಕಟ್ಟಡದ ಹಿಂದಿನ ಚಿಕಿತ್ಸಾಲಯ, ನೆಲಮಹಡಿ, ನಾಲ್ಕನೆಯ ಕೋಣೆ. ನಿಮ್ಮ ಹೆಸರು ಬರೆಸಿಲ್ಲ. ಬರೆಸಲು ಪಟ್ಟಿಯ ಮುಂದೆ ನಿಂತಿದ್ದೆ, ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ. ನಿಮ್ಮನ್ನು ಕೇಳದೆ ಇನ್ನೊಮ್ಮೆ ಮಾಡಬಾರದೆಂದು ವಾಪಸು ಬಂದೆ. ಹೋಗುವುದು, ಬಿಡುವುದು ನಿಮ್ಮದು. ಆದರೆ ಆ ಜಾಗ ನಿಮ್ಮದೇ ಆದರೂ ನಿಮಗೆ ಕಾಣುವಂಥದ್ದಲ್ಲ. ಕಂಡವರ ಮಾತು ಕೇಳುವುದರಲ್ಲಿ ಸೋಲೇನಿದೆಯೋ ನನಗೆ ಈಗ ಅರ್ಥವಾಗುತ್ತಿಲ್ಲ. ಆಗ ಅರ್ಥವಾಗಿದ್ದಂತೆ ಇತ್ತು.

ಬಿಡುವು ಮುಗಿಯಿತು. ಅಧಿಕಾರಿಗಳು ಬಾಗಿಲಲ್ಲಿ ಒಮ್ಮೆ ಕೆಮ್ಮಿ ಹೋದರು. ನಾಳೆಯಿಂದ ಅಂಗಿ ಹಾಕಿಕೊಂಡೇ ಹತ್ತಿ. ಅಂಟಿನ ಕಲೆ ತೊಳೆದರೆ ಹೋಗುತ್ತದೆ.

ಇಂತಿ,
ರಬ್ಬರು

ತಾ.ಕ.: ಮೇಲೆ ಸುಳ್ಳು ಬರೆದಿದ್ದೇನೆ. ಅದನ್ನು ಅಳಿಸುತ್ತಿಲ್ಲ, ನಾನು ಹೇಗೆ ಹೇಳಿದೆ ಎಂಬುದು ನಿಮಗೂ ತಿಳಿದಿರಲಿ. ಡಾಕ್ಟರಮ್ಮನಿಗೆ ನೆನಪಿಲ್ಲ ಎಂದೆನಲ್ಲ, ನೆನಪಿದೆ. ಕೈಯನ್ನು ನಂಬಲಿಲ್ಲ ಎಂದದ್ದೂ ಅದರದೇ ನೆಪ. ಮದುವೆಯಾದ ಹೊಸದರಲ್ಲಿ ಅದು ಎಳ್ಳಿನಷ್ಟಿತ್ತು, ಚಪ್ಪಟೆ, ಗುಂಡು, ಒಂದೇ ಬಣ್ಣ. ಆ ನಲವತ್ತೊಂದು ಸಂಜೆಗಳಲ್ಲಿ ಒಂದು ಸಂಜೆ ಬೆರಳು ಅದರ ಮೇಲೆ ತಡೆದು ನಿಂತಿತು. ದೀಪ ಹತ್ತಿರ ತಂದು ನೋಡಿದೆ. ದೀಪ ಏಕೆ ಸರಿಯಿತೆಂದು ನೀವು ಕೇಳಲಿಲ್ಲ. ನನ್ನ ಮೈ ವಿಷಯ ನಂಗೆ ಬಿಡು ಎಂದಿದ್ದಿರಿ, ಬಿಟ್ಟೆ. ನೀವೇ ಮೊದಲು ಮಾತಾಡಿ, ಆಮೇಲೆ ಹೇಳಿದರಾಯಿತು ಎಂದು ಮುಚ್ಚಳ ಹಾಕಿ ಕೈ ತೊಳೆದೆ. ಮಂಗಳವಾರ ಅವರು ನಿಮ್ಮನ್ನೂ ಇದನ್ನೇ ಮೊದಲು ಕೇಳುತ್ತಾರೆ. ಬದಲಾಗಿದೆ, ಮೂರು ವರ್ಷದ ಹಿಂದೆಯೇ ಬದಲಾಗಿತ್ತು ಎನ್ನಿ. ಯಾರು ನೋಡಿದ್ದು ಎಂದರೆ, ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ ಎನ್ನಿ.